ಮನೆ ಬಾಗಿಲಿಗೇ ಹೋಗಿ ಕಾರ್ ಎಲೆಕ್ಟ್ರಾನಿಕ್ಸ್ ಫಿಟ್ಟಿಂಗ್: ಹುಬ್ಬಳ್ಳಿ–ಧಾರವಾಡದಲ್ಲಿ ನಡೆಯುತ್ತಾ?

ಗೋಕುಲ_ರೋಡ್_ಹುಡುಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಆಕ್ಸೆಸರಿ ಅಂಗಡಿಯಲ್ಲಿ ಕೆಲವು ವರ್ಷ ಫಿಟ್ಟರ್ ಆಗಿದ್ದೆ. ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಸೆಂಟ್ರಲ್ ಲಾಕಿಂಗ್, ಆಂಪ್ಲಿಫೈಯರ್, ಎಲ್ಲಾ ಕೈಗೆ ಹತ್ತಿದೆ. ಈಗ ಮನೆ ಕಾರಣಕ್ಕೆ ಹುಬ್ಬಳ್ಳಿಗೆ ವಾಪಸ್ ಬಂದಿದ್ದೇನೆ. ಅಂಗಡಿ ಹಾಕಲು ಅಡ್ವಾನ್ಸ್ ಕೊಡುವಷ್ಟು ದುಡ್ಡಿಲ್ಲ. ಹಾಗಾಗಿ ಫೋನ್ ಬಂದ ಕಡೆ ನಾನೇ ಹೋಗಿ, ಗಿರಾಕಿಯ ಮನೆ ಅಥವಾ ಆಫೀಸಿನ ಪಾರ್ಕಿಂಗ್‌ನಲ್ಲೇ ಫಿಟ್ ಮಾಡಿ ಬರೋಣ ಅಂತ ಯೋಚನೆ.

ನನ್ನ ಗೊಂದಲ ಮೂರು. ಮಾಲು ನಾನೇ ತಂದು ಮಾರಬೇಕಾ, ಇಲ್ಲ ಬರೀ ಲೇಬರ್ ಇಟ್ಟುಕೊಳ್ಳಬೇಕಾ? ಸೆಕೆಂಡ್ ಹ್ಯಾಂಡ್ ವ್ಯಾನ್ ಬೇಕಾ, ಸ್ಕೂಟರ್ ಸಾಕಾ? ಕಾಗದ ಪತ್ರ ಏನೇನು ಮಾಡಿಸಬೇಕು? ಈ ಲೈನಿನಲ್ಲಿ ಇರುವವರು ಹೇಳಿ.

ಸ್ಲೀವ್_ಹಾಕಿ_ಸುತ್ತು

ಬೆಂಗಳೂರಲ್ಲಿ ಇದೇ ಕೆಲಸ ಮಾಡ್ತಿದೀನಿ ಬ್ರದರ್, ಮೊದಲಿಂದಲೂ ಲೇಬರ್ ಮಾತ್ರ. ಕಾರಣ ಹೇಳ್ತೀನಿ. ಗಿರಾಕಿ ನಿನಗೆ ಫೋನ್ ಮಾಡೋ ಹೊತ್ತಿಗೆ ಡ್ಯಾಶ್‌ಕ್ಯಾಮ್ ಆನ್‌ಲೈನಲ್ಲಿ ತರಿಸಿ, ಡಬ್ಬ ಒಡೆದು, ಮೂರು ವೈರ್ ನೋಡಿ ಗಾಬರಿಯಾಗಿರ್ತಾನೆ. ಅವನಿಗೆ ಬೇಕಾಗಿರೋದು ಮಾಲಲ್ಲ, ಕೈ. ಅಂಗಡಿಗೆ ತಗೊಂಡು ಹೋದ್ರೆ "ನಮ್ಮಲ್ಲಿ ತಗೊಂಡಿದ್ದಲ್ಲ, ಹಾಕಲ್ಲ" ಅಂತಾರೆ, ಇಲ್ಲಾ ಬೇಕಾಬಿಟ್ಟಿ ರೇಟ್ ಹೇಳ್ತಾರೆ. ಈ ಜನಾನೇ ನಿನ್ನ ಗಿರಾಕಿಗಳು.

ಮಾಲು ಮಾರೋಕೆ ಹೋದ್ರೆ ರೇಟ್ ವಿಚಾರದಲ್ಲಿ ಆನ್‌ಲೈನ್ ಜೊತೆ ಗುದ್ದಾಡಬೇಕು. ಗುದ್ದಾಡಿ ಗೆದ್ದರೂ ಸೆಟ್ ಕೆಟ್ಟಾಗ ರಾತ್ರಿ ಒಂಬತ್ತಕ್ಕೆ ಫೋನ್ ಬರೋದು ನಿನಗೇ.

ಎರಡು ಮಾತು ಮೊದಲ ದಿನದಿಂದಲೇ ಖಡಾಖಂಡಿತವಾಗಿ ಇಟ್ಕೋ. ವಿಸಿಟಿಂಗ್ ಚಾರ್ಜ್ ಬೇರೆ, ಅದು ಮುಂಚೆಯೇ ಯುಪಿಐಲಿ ಬರಬೇಕು. ಬುಕ್ ಮಾಡಿ ಊರಲ್ಲಿಲ್ಲ ಅನ್ನೋರ ಕಾಟ ಅರ್ಧ ತಪ್ಪುತ್ತೆ. ಎರಡನೇದು, ಒಂದು ದಿನ ಒಂದೇ ದಿಕ್ಕು. ಬೆಳಿಗ್ಗೆ ವೈಟ್‌ಫೀಲ್ಡ್, ಮಧ್ಯಾಹ್ನ ಕೆಂಗೇರಿ ಅಂತ ಒಪ್ಪಿಕೊಂಡ್ರೆ ದುಡಿದದ್ದು ಸಿಗ್ನಲ್‌ಗೆ ಹೋಯ್ತು. ನಿಮ್ಮಲ್ಲಿ ಹುಬ್ಬಳ್ಳಿಗೂ ಧಾರವಾಡಕ್ಕೂ ಇಪ್ಪತ್ತು ಕಿಲೋಮೀಟರ್, ವಾರದಲ್ಲಿ ಎರಡು ದಿನ ಧಾರವಾಡ ಅಂತ ಮೀಸಲಿಟ್ಟು ಬಿಡು.

ವ್ಯಾನ್ ಬೇಡ. ಸ್ಕೂಟರ್, ಹಿಂದೆ ಒಂದು ಪೆಟ್ಟಿಗೆ. ಡಿಕ್ಕಿಯಲ್ಲಿ ಸಬ್‌ವೂಫರ್ ಕೂರಿಸೋ ಕೆಲಸ ಬಂದಾಗ ನೋಡಿಕೊಂಡರಾಯ್ತು.

ಒಂಟಿಕೊಪ್ಪಲು_ಆಕ್ಸೆಸರೀಸ್

ಮೇಲಿನವರ ಮಾತು ಬೆಂಗಳೂರಿಗೆ ಸರಿ ಸ್ವಾಮಿ, ಉಳಿದ ಊರುಗಳಿಗಲ್ಲ. ಮೈಸೂರಲ್ಲಿ ನನ್ನದು ಅಂಗಡಿ. ಎರಡು ಗಂಟೆ ಕೂತು ಡ್ಯಾಶ್ ಬಿಚ್ಚಿ ಸ್ಟೀರಿಯೊ ಹಾಕಿದರೆ ಲೇಬರ್ ಅಂತ ಎಂಟುನೂರು ಕೇಳಿ ನೋಡಿ. "ಎಂಟುನೂರಾ? ನಾಲ್ಕು ಸ್ಕ್ರೂಗೆ?" ಅಂತಾರೆ. ಅದೇ ಸೆಟ್ ನಾನು ಮಾರಿದರೆ ಫಿಟ್ಟಿಂಗ್ ಫ್ರೀ ಅಂತ ಬೋರ್ಡ್ ಹಾಕಿ ನನ್ನ ಲಾಭ ಮಾಲಿನಲ್ಲೇ ತೆಗೀತೀನಿ. ಗಿರಾಕಿಗೂ ಖುಷಿ. ನಮ್ಮ ಜನ ವಸ್ತುವಿಗೆ ದುಡ್ಡು ಕೊಡ್ತಾರೆ, ಕೈಚಳಕಕ್ಕೆ ಕೊಡೋದಿಲ್ಲ. ಇದು ಬೇಜಾರಿನ ಮಾತು, ಆದರೆ ನಿಜ.

ಇನ್ನೊಂದು. ಗಿರಾಕಿ ತಂದ ಮಾಲು ಎಂಥದ್ದು ಅಂತ ನಿಮಗೆ ಗೊತ್ತಿರೋದಿಲ್ಲ. ಡಬ್ಬದ ಮೇಲೆ 8 ಜಿಬಿ ರ‍್ಯಾಮ್ ಅಂತ ಇರುತ್ತೆ, ಸೆಟ್ಟಿಂಗ್ಸಲ್ಲೂ 8 ಅಂತ ತೋರಿಸುತ್ತೆ, ಒಳಗಿರೋದು 2. ಮ್ಯಾಪ್ ಹಾಕಿ ಹಾಡು ಹಾಕಿದ ತಕ್ಷಣ ತಡವರಿಸುತ್ತೆ. ಬೈಗುಳ ಯಾರಿಗೆ? ಫಿಟ್ ಮಾಡಿದವನಿಗೆ.

ಗೋಕುಲ_ರೋಡ್_ಹುಡುಗ

ಸರ್, ನೀವು ಹೇಳಿದ ಆ ಬೈಗುಳ ಜೆ.ಸಿ. ರಸ್ತೆಯಲ್ಲಿ ನಾನೂ ತಿಂದಿದ್ದೇನೆ 🙂 ಆದರೆ ಸ್ಟಾಕ್ ಇಡಬೇಕು ಅಂದರೆ ಬಂಡವಾಳ ಬೇಕಲ್ಲ. ಒಂದೊಂದು ಕಾರಿಗೂ ಸ್ಟೀರಿಯೊ ಕೂರಿಸಲು ಬೇರೆ ಫ್ರೇಮ್, ವೈರ್ ಸೇರಿಸಲು ಬೇರೆ ಕಪ್ಲರ್. ಸ್ಕೂಟರ್ ಪೆಟ್ಟಿಗೆಯಲ್ಲಿ ಎಷ್ಟು ತುಂಬಲಿ?

ಕೇಶ್ವಾಪುರ_ಕರೆಂಟ್

ನಮಸ್ಕಾರ್ರಿ ಎಲ್ಲಾರಿಗೂ. ತಮ್ಮಾ, ನಾ ಹುಬ್ಬಳ್ಳ್ಯಾಗ ಆಟೊ ಎಲೆಕ್ಟ್ರೀಷಿಯನ್ ಕೆಲಸ ಮಾಡಕೋತ ಬಂದಾವ. ಇಬ್ಬರೂ ಹೊಸಾ ಮಾಲು ಹಾಕೂದರ ಬಗ್ಗೇನ ಮಾತಾಡಾಕತ್ತಾರ. ನೀ ಅದನ್ನ ಸ್ವಲ್ಪ ಬಾಜೂಕಿಡು. ಖರೇ ರೊಕ್ಕ ಇರೋದು ಬ್ಯಾರೆಯವರು ಹಾಕಿ ಕೆಡಿಸಿದ್ದನ್ನ ಸರಿ ಮಾಡೂದರಾಗ.

ನನ್ನ ಕಡೆ ಬರೂ ಗಾಡಿ ನೋಡು. "ಬ್ಯಾಟರಿ ಹೊಸಾದು, ಎರಡ ದಿನ ನಿಲ್ಲಿಸಿದ್ರ ಸ್ಟಾರ್ಟ್ ಆಗೂದಿಲ್ಲ" ಅಂತ ಬರ್ತಾರ. ಬಿಚ್ಚಿ ನೋಡಿದ್ರ ಸ್ಟೀರಿಯೊದ ಹಳದಿ ವೈರ್, ಕೆಂಪ ವೈರ್ ಎರಡೂ ಕೂಡಿಸಿ ಕಾಯಂ ಕರೆಂಟಿಗೆ ಕಟ್ಟಿರ್ತಾರ. ಹಳದಿ ಅಂದ್ರ ಮೆಮೊರಿಗೆ, ಯಾವಾಗ್ಲೂ 12 ವೋಲ್ಟ್. ಕೆಂಪ ಅಂದ್ರ ಕೀ ತಿರುವಿದಾಗಷ್ಟ ಬರೂ ಎಸಿಸಿ. ಎಸಿಸಿ ಹುಡುಕಾಕ ಬ್ಯಾಸರಾಗಿ ಎರಡನ್ನೂ ಸೇರಿಸಿ ಬಿಟ್ಟಿರ್ತಾರ. ಸೆಟ್ ನಿದ್ದಿನ ಮಾಡೂದಿಲ್ಲ, ರಾತ್ರಿ ಪೂರ್ತಿ ಬ್ಯಾಟರಿ ಕುಡಿತೈತಿ.

ಇದನ್ನ ಹಿಡಿಯೂ ಪದ್ಧತಿ ಕಲತಗೋ. ಬ್ಯಾಟರಿ ನೆಗೆಟಿವ್‌ಗೆ ಸೀರೀಸ್‌ನ್ಯಾಗ ಮೀಟರ್ ಹಾಕು. ಬಾಗಲಾ ತಗದಿಟ್ಟು ಅದರ ಲ್ಯಾಚ್ ಸ್ಕ್ರೂ ಡ್ರೈವರ್‌ಲೆ ಮುಚ್ಚು, ಗಾಡಿಗೆ ಬಾಗಲಾ ಹಾಕ್ಯಾರ ಅನಸಬೇಕು. ಆಮ್ಯಾಲ ಅರ್ಧಾ ತಾಸು ಮುಟ್ಟಬ್ಯಾಡ. ಈಗಿನ ಗಾಡ್ಯಾಗ ಕಂಪ್ಯೂಟರ್ ಒಂದೊಂದ ಮಲಗಾಕ ಅಷ್ಟು ಹೊತ್ತು ಬೇಕು. ಆದ ಮ್ಯಾಲ 50 ಮಿಲಿಆಂಪ್ ಒಳಗ ಇದ್ರ ಚಿಂತಿಲ್ಲ. 300–400 ತೋರಸ್ತೈತಿ ಅಂದ್ರ ಕಳ್ಳ ಒಳಗದಾನ. ಆಗ ಫ್ಯೂಸ್ ಕೀಳಬ್ಯಾಡ, ಕಿತ್ತು ಹಾಕಿದ್ರ ಮಲಗಿದ ಕಂಪ್ಯೂಟರ್ ಮತ್ತ ಏಳತಾವ. ಮೀಟರ್ ಮಿಲಿವೋಲ್ಟ್‌ಗೆ ಇಟ್ಟು, ಫ್ಯೂಸಿನ ತಲಿ ಮ್ಯಾಲ ಇರೂ ಎರಡ ಚುಕ್ಕಿಗೆ ಪ್ರೋಬ್ ಹಚ್ಚು. ಯಾವ ಫ್ಯೂಸಿನ್ಯಾಗ ಮಿಲಿವೋಲ್ಟ್ ಬರ್ತೈತಿ, ಆ ಲೈನಿನ್ಯಾಗ ಕರೆಂಟ್ ಹರಿಯಾಕತ್ತೈತಿ. ಕಳ್ಳ ಸಿಕ್ಕಾ.

ಇದಕ್ಕ ಮಾಲೂ ಬ್ಯಾಡ, ಸ್ಟಾಕೂ ಬ್ಯಾಡ. ಮತ್ತ ಗಾಡಿನ ಸ್ಟಾರ್ಟ್ ಆಗದ ಮ್ಯಾಲ ಅದು ಅಂಗಡಿಗೆ ಹ್ಯಾಂಗ ಬರ್ತೈತಿ? ನೀನ ಹೋಗಬೇಕು. ಮನಿ ಮುಂದ ಹೋಗಿ ಮಾಡೂ ಧಂದೆಗೆ ಇದಕ್ಕಿಂತ ಛಲೋ ಕೆಲಸ ಯಾವುದೈತಿ ಹೇಳು?

ಸ್ಲೀವ್_ಹಾಕಿ_ಸುತ್ತು

ಅಣ್ಣಾವ್ರು ಹೇಳಿದ್ದಕ್ಕೆ ಎರಡೂ ಕೈ ಎತ್ತಿದೆ. ಡ್ಯಾಶ್‌ಕ್ಯಾಮ್‌ದೂ ಇದೇ ಕತೆ. ಪಾರ್ಕಿಂಗ್ ಮೋಡ್ (ಗಾಡಿ ನಿಂತಾಗಲೂ ರೆಕಾರ್ಡ್ ಆಗೋದು) ಬೇಕು ಅಂತ ಎಲ್ಲರೂ ಕೇಳ್ತಾರೆ. 0.3 ಆಂಪಿಯರ್ ಎಳೆಯೋ ಕ್ಯಾಮೆರಾ ದಿನಕ್ಕೆ 7 ಆಂಪಿಯರ್-ಅವರ್ ಮೇಲೆ ತಿನ್ನುತ್ತೆ. ಸಣ್ಣ ಕಾರಿನದು 35 ಆಂಪಿಯರ್-ಅವರ್ ಬ್ಯಾಟರಿ, ಮೂರು ದಿನ ನಿಲ್ಲಿಸಿದ್ರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಹಾರ್ಡ್‌ವೈರ್ ಕಿಟ್‌ನಲ್ಲಿ (ಕ್ಯಾಮೆರಾನ ಫ್ಯೂಸ್ ಬಾಕ್ಸಿಗೆ ಕಟ್ಟೋ ವೈರ್ ಸೆಟ್) ಲೋ ವೋಲ್ಟೇಜ್ ಕಟ್‌ಆಫ್, ಅಂದ್ರೆ ಬ್ಯಾಟರಿ ಇಳಿದಾಗ ತಾನೇ ಆಫ್ ಆಗೋದು, ಇದೆಯಾ ನೋಡು. ಇದ್ರೆ 12.2 ವೋಲ್ಟ್‌ಗಿಂತ ಕೆಳಗೆ ಇಡಬೇಡ, ಗಿರಾಕಿ ಎಷ್ಟೇ ಹಠ ಮಾಡಿದ್ರೂ.

ಇದಕ್ಕಿಂತ ಮುಖ್ಯವಾದದ್ದು ಎ-ಪಿಲ್ಲರ್, ಅಂದ್ರೆ ಮುಂದಿನ ಗಾಜಿನ ಪಕ್ಕದ ಕಂಬ. ಕರ್ಟನ್ ಏರ್‌ಬ್ಯಾಗ್ ಇರೋ ಕಾರುಗಳಲ್ಲಿ ಆ ಕಂಬದ ಟ್ರಿಮ್ (ಪ್ಲಾಸ್ಟಿಕ್ ಕವರ್) ಹಿಂದೆಯೇ ಏರ್‌ಬ್ಯಾಗ್ ಮಡಚಿ ಕೂತಿರುತ್ತೆ. ಬಹಳ ಜನ ಕ್ಯಾಮೆರಾ ವೈರನ್ನ ಟ್ರಿಮ್‌ಗೂ ಏರ್‌ಬ್ಯಾಗ್‌ಗೂ ನಡುವೆ ತುರುಕಿ ಬಿಡ್ತಾರೆ. ಏರ್‌ಬ್ಯಾಗ್ ಸಿಡಿದಾಗ ಆ ವೈರ್ ದಾರಿಗೆ ಅಡ್ಡ. ಟ್ರಿಮ್ ಪೂರ್ತಿ ಬಿಚ್ಚಿ, ಏರ್‌ಬ್ಯಾಗಿನ ಹಿಂದುಗಡೆಯಿಂದ, ಕಂಪನಿ ಹಾರ್ನೆಸ್ (ವೈರ್ ಕಟ್ಟು) ಹೋಗೋ ದಾರಿಯಲ್ಲೇ ತಗೊಂಡು ಹೋಗಿ ಬಟ್ಟೆ ಟೇಪ್ ಸುತ್ತು. ಹತ್ತು ನಿಮಿಷ ಜಾಸ್ತಿ ಆಗುತ್ತೆ, ಆಗಲಿ. ಫ್ಯೂಸ್ ಟ್ಯಾಪ್ (ಇರೋ ಫ್ಯೂಸಿನ ಜಾಗದಿಂದಲೇ ಕರೆಂಟ್ ತೆಗೆಯೋ ಕನೆಕ್ಟರ್) ಹಾಕುವಾಗ ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್ ಇವುಗಳ ಫ್ಯೂಸ್ ಹತ್ತಿರಕ್ಕೂ ಹೋಗಬೇಡ. ಮತ್ತೆ ಆ ಹಳೇ ಬಲ್ಬ್ ಟೆಸ್ಟರ್ ಮನೇಲಿ ಬಿಟ್ಟು ಬಾ. ಕಂಪ್ಯೂಟರ್ ವೈರಿಗೆ ಅದನ್ನ ಹಚ್ಚಿದ್ರೆ ಬಲ್ಬಿಗೆ ಬೇಕಾದ ಕರೆಂಟ್ ಪಾಪದ ಆ ಚಿಪ್ ಕೊಡಬೇಕಾಗುತ್ತೆ.

ಮೈಸೂರು ಸರ್‌ಗೆ: ರ‍್ಯಾಮ್ ವಿಚಾರ ಒಪ್ಪಿದೆ. ಅದಕ್ಕೇ ಬಿಲ್ಲಲ್ಲಿ "ಮಾಲು ಗ್ರಾಹಕರದ್ದು, ವೈರಿಂಗ್ ಗ್ಯಾರಂಟಿ ಮಾತ್ರ ನಮ್ಮದು" ಅಂತ ಬರೀತೀನಿ, ಸೈನ್ ಹಾಕಿಸ್ಕೋತೀನಿ.

ವೈರ್_ಏನ್_ಮಹಾ

ಇಷ್ಟೊಂದು ಪುರಾಣ ಯಾಕ್ರೋ? ಯೂಟ್ಯೂಬ್ ನೋಡಿದ್ರೆ ಯಾರು ಬೇಕಾದ್ರೂ ಮಾಡಬಹುದು. ನಾನು ನನ್ನ ಕಾರಿಗೆ ಆಂಪ್ಲಿಫೈಯರ್ (ಆಂಪ್) ನಾನೇ ಹಾಕ್ಕೊಂಡಿದೀನಿ.

ಕೇಶ್ವಾಪುರ_ಕರೆಂಟ್

ಭಾಳ ಛಲೋ ಆತ್ರಿ. ಬ್ಯಾಟರಿ ಕಡೆ ಫ್ಯೂಸ್ ಎಷ್ಟು ದೂರದಾಗ ಹಾಕೀರಿ?

ವೈರ್_ಏನ್_ಮಹಾ

ಆಂಪ್‌ನಲ್ಲೇ ಫ್ಯೂಸ್ ಇದೆಯಲ್ಲ?

ಕೇಶ್ವಾಪುರ_ಕರೆಂಟ್

ಅದು ಆಂಪ್ ಉಳಿಸಾಕ ಐತ್ರಿ, ಗಾಡಿ ಉಳಿಸಾಕ ಅಲ್ಲ. ಬ್ಯಾಟರಿಯಿಂದ ಡಿಕ್ಕಿ ತನಕ ಹೋಗೂ ದಪ್ಪನ ಕೇಬಲ್ ನಡುವ ಎಲ್ಲ್ಯರ ತಗಡಿಗೆ ಉಜ್ಜಿ ಅರ್ತ್ ಆತಂದ್ರ ಅದನ್ನ ತಡಿಯಾಕ ಯಾರೂ ಇಲ್ಲ, ನೇರ ಬೆಂಕಿ. ಬ್ಯಾಟರಿಯಿಂದ ಒಂದೂವರಿ ಫೂಟ್ ಒಳಗ ಫ್ಯೂಸ್ ಬೇಕು, ತಗಡು ದಾಟೂ ಕಡೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕೂ ಬಳಿ) ಬೇಕು. ಇವತ್ತ ಸಂಜೀಕ ಹೋಗಿ ಹಾಕ್ರಿ, ನಾಳೆ ಅನಬ್ಯಾಡ್ರಿ.

ತಮ್ಮಾ, ನೀನೂ ಲೆಕ್ಕಾ ಇಟಗೋ. 500 ವ್ಯಾಟ್ ಆರ್‌ಎಂಎಸ್ (ಒಂದೇ ಸಮ ಕೊಡೂ ಪವರ್) ಕ್ಲಾಸ್-ಡಿ (ಕರೆಂಟ್ ಕಡಿಮಿ ಹಾಳ ಮಾಡೂ ಜಾತಿ) ಆಂಪ್ ಅಂದ್ರ ನಷ್ಟಾ ಎಲ್ಲಾ ಹಿಡದು ಬ್ಯಾಟರಿಯಿಂದ 625 ವ್ಯಾಟ್ ಹತ್ರ ಎಳಿತೈತಿ. 13.8 ವೋಲ್ಟಿಗೆ ಭಾಗಿಸು, 45 ಆಂಪಿಯರ್. ಅದಕ್ಕ ಕಿಟ್ಟಿನ್ಯಾಗ ಬರೂ ಸಣ್ಣ ಅಲ್ಯೂಮಿನಿಯಂ ಕೇಬಲ್ ಹಾಕಿದ್ರ ಬಾಸೂ ಬರೂದಿಲ್ಲ, ನಿದ್ದೀನೂ ಬರೂದಿಲ್ಲ. ಇನ್ನ ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನ್ಯಾಗ ಎಂಜಿನ್ ತಾನ ಬಂದ್ ಆಗೂದು) ಇರೂ ಗಾಡ್ಯಾಗ ಬ್ಯಾಟರಿ ನೆಗೆಟಿವ್ ಮ್ಯಾಲ ಕರೆಂಟ್ ಅಳಿಯೂ ಒಂದು ಸೆನ್ಸರ್ ಕುಂತಿರ್ತೈತಿ. ನಿನ್ನ ಅರ್ತ್ ವೈರ್ ಬಾಡಿಗೆ ಕಟ್ಟು, ಸೀದಾ ಬ್ಯಾಟರಿ ಟರ್ಮಿನಲ್‌ಗೆ ಕಟ್ಟಿದ್ರ ಆ ಸೆನ್ಸರ್‌ಗೆ ಲೆಕ್ಕಾನ ಸಿಗೂದಿಲ್ಲ.

ಬೇಸ್‌ಮೆಂಟ್_ಬಿ2

ಗಿರಾಕಿ ಕಡೆಯಿಂದ ನಾನು ಹೇಳಬಹುದಾ? ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿದ್ದೇನೆ. ಶನಿವಾರ ಅಂಗಡಿ ಮುಂದೆ ನಾಲ್ಕು ಗಂಟೆ ಕುರ್ಚಿ ಹಾಕಿಕೊಂಡು ಕೂರುವುದಕ್ಕಿಂತ ಮನೆಗೆ ಬಂದು ಮಾಡಿಕೊಡುವವರಿಗೆ ಇನ್ನೂರು ಮುನ್ನೂರು ಜಾಸ್ತಿ ಕೊಡಲು ನನ್ನಂಥವರು ತಯಾರಿದ್ದೇವೆ. ಕೈಚಳಕಕ್ಕೆ ದುಡ್ಡು ಕೊಡಲ್ಲ ಅನ್ನುವ ಮಾತು ಪೂರ್ತಿ ಸರಿಯಲ್ಲ ಸರ್.

ಆದರೆ ಬಂದವರು ಹೇಗಿರಬೇಕು ಅಂತ ಕೇಳಿ. ಒಮ್ಮೆ ಒಬ್ಬರು ರಿವರ್ಸ್ ಕ್ಯಾಮೆರಾ ಹಾಕಿ ಹೋದರು, ಸೀಟಿನ ಮೇಲೆ ಗ್ರೀಸ್ ಕೈ ಗುರುತು, ಡಿಕ್ಕಿಯ ಟ್ರಿಮ್‌ನ ಎರಡು ಕ್ಲಿಪ್ ಮುರಿದು ಸುಮ್ಮನೆ ಒತ್ತಿಟ್ಟಿದ್ದರು. ಹಾಳುಗುಂಡಿ ರಸ್ತೆಯಲ್ಲಿ ಅದು ಟಕಟಕ ಅನ್ನಲು ಶುರುವಾದ ಮೇಲೆ ಗೊತ್ತಾಯಿತು. ಕೇಳಿದರೆ "ಮೊದಲೇ ಮುರಿದಿತ್ತು ಮೇಡಂ". ಹಾಗಾಗಿ ಕೆಲಸ ಶುರು ಮಾಡುವ ಮುಂಚೆ ಕಾರಿನ ಸುತ್ತ, ಒಳಗೆ, ಇಗ್ನಿಷನ್ ಆನ್ ಮಾಡಿ ಮೀಟರಿನ ಎಲ್ಲಾ ಲೈಟು ಒಂದು ವಿಡಿಯೋ ಮಾಡಿ ನಮಗೇ ವಾಟ್ಸಾಪ್ ಮಾಡಿ. ಮುಗಿದ ಮೇಲೆ ಇನ್ನೊಂದು. ಇದರಿಂದ ನಿಮಗೇ ಜಾಸ್ತಿ ರಕ್ಷಣೆ. ಸೀಟ್ ಕವರ್, ಒಂದು ಪೊಟ್ಟಣ ಕ್ಲಿಪ್, ಸ್ವಂತ ಲೈಟ್ ತನ್ನಿ. ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಕೇಳಿದರೆ ಅಸೋಸಿಯೇಷನ್‌ನವರು ಜಗಳಕ್ಕೆ ಬರುತ್ತಾರೆ. ಗೇಟಿನಲ್ಲಿ ಹೆಸರು ಹೇಳಲು ನಮಗೆ ಹಿಂದಿನ ದಿನವೇ ತಿಳಿಸಿ.

ಇನ್ನೊಂದು ವಿಷಯ ಯಾವ ಫಿಟ್ಟರೂ ಹೇಳುವುದಿಲ್ಲ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ಆಂಪ್ ಕಳುವಾದರೆ ಮಾಮೂಲಿ ಕಾರ್ ಇನ್ಶೂರೆನ್ಸ್ ಅದಕ್ಕೆ ದುಡ್ಡು ಕೊಡುವುದಿಲ್ಲ. ಎಲೆಕ್ಟ್ರಿಕಲ್ ಫಿಟ್ಟಿಂಗ್ಸ್ ಅಂತ ಬೇರೆ ತೋರಿಸಬೇಕು, ಅದರ ಬೆಲೆಯ ಶೇ. 4 ವರ್ಷದ ಪ್ರೀಮಿಯಂ. 25,000ದ ಸೆಟ್‌ಗೆ 1,000, ತೆರಿಗೆ ಬೇರೆ. ಅದಕ್ಕೆ ಬಿಲ್ ಬೇಕು. ನೀಟಾಗಿ ಬಿಲ್ ಕೊಟ್ಟು ಈ ಮಾತು ಹೇಳುವ ಫಿಟ್ಟರ್ ನಂಬರನ್ನು ನಾನಂತೂ ನಮ್ಮ ಬ್ಲಾಕ್ ಗ್ರೂಪಿಗೆಲ್ಲ ಹಾಕುತ್ತೇನೆ.

ಲೆಕ್ಕದ_ಮೇಷ್ಟ್ರು

ಕಾಗದದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹೇಳುತ್ತೇನೆ. ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ಪಟ್ಟಿ) ನೋಂದಣಿ ಆನ್‌ಲೈನಿನಲ್ಲಿ ಪುಕ್ಕಟೆ, ಆಧಾರ್, ಪ್ಯಾನ್ ಸಾಕು. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟುಗಳ ಬಲೆಗೆ ಬೀಳಬೇಡಿ. ಸಲಕರಣೆಗೆ ಸಾಲ ಬೇಕಾದರೆ ಕೇಂದ್ರದ ಮುದ್ರಾ ಸಾಲ ಯೋಜನೆಯ ಶಿಶು ವರ್ಗ 50,000ದವರೆಗೆ ಇದೆ, ಅದರ ಮೇಲೆ ಕಿಶೋರ್ 5 ಲಕ್ಷದವರೆಗೆ. ಬ್ಯಾಂಕಿಗೆ ಕಾಲಿಡುವ ಮುಂಚೆ ರುಡ್‌ಸೆಟ್ ಥರದ ಸಂಸ್ಥೆಯಲ್ಲಿ ಸ್ವಉದ್ಯೋಗ ತರಬೇತಿ ಪಡೆದರೆ ಮ್ಯಾನೇಜರ್ ಮುಂದೆ ಮಾತಿಗೆ ತೂಕ ಬರುತ್ತದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು, ಊಟ ವಸತಿ ಸಮೇತ ಉಚಿತ.

ಈಗ ಜಿಎಸ್‌ಟಿ. ಇಲ್ಲಿ ನಡೆದಿರುವ ಮಾಲಾ–ಲೇಬರಾ ಜಗಳಕ್ಕೂ ಇದಕ್ಕೂ ನೇರ ಸಂಬಂಧವಿದೆ. ಬರೀ ಮಾಲು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವಹಿವಾಟು 40 ಲಕ್ಷ ದಾಟಿದ ಮೇಲೆ ನೋಂದಣಿ. ಸೇವೆ ಬೆರೆತರೆ ಮಿತಿ 20 ಲಕ್ಷ. ನೀವು ಎರಡೂ ಮಾಡಿದರೆ 20ರ ಲೆಕ್ಕಕ್ಕೇ ಬರುತ್ತೀರಿ. ಅದೂ ಲಾಭವಲ್ಲ, ಒಟ್ಟು ವಹಿವಾಟು. 25,000ದ ಸೆಟ್ ವರ್ಷಕ್ಕೆ 80 ಮಾರಿದರೆ 20 ಲಕ್ಷ ಮುಟ್ಟಿತು, ನಿಮ್ಮ ಕೈಯಲ್ಲಿ ಉಳಿದದ್ದು ಎಷ್ಟೇ ಇರಲಿ. ಸಾವಿರ ರೂಪಾಯಿ ಲೇಬರ್‌ನಲ್ಲಿ ಅಲ್ಲಿಗೆ ಮುಟ್ಟಲು 2,000 ಕಾರು ಬೇಕು, ಒಬ್ಬನ ಕೈಯಲ್ಲಿ ಆಗದ ಮಾತು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದು ಎಷ್ಟು ಗಲಾಟೆಯಾಯಿತು ಅಂತ ನೆನಪಿದೆಯಲ್ಲ? ಗಿರಾಕಿ ಸೆಟ್ಟಿನ ದುಡ್ಡನ್ನು ನಿಮ್ಮ ಯುಪಿಐಗೆ ಹಾಕಿ, ನೀವು ಅದನ್ನು ಅಂಗಡಿಗೆ ದಾಟಿಸಿದರೆ ನಿಮ್ಮ ಖಾತೆಯಲ್ಲಿ ಅದು ನಿಮ್ಮ ವಹಿವಾಟಿನ ಹಾಗೆಯೇ ಕಾಣುತ್ತದೆ. ಮಾಲಿನ ದುಡ್ಡು ಸೀದಾ ಅಂಗಡಿಗೆ, ಲೇಬರ್ ಮಾತ್ರ ನಿಮಗೆ. ಧಂದೆಗೆ ಪ್ರತ್ಯೇಕ ಖಾತೆ ತೆರೆಯಿರಿ. ಅಂದಹಾಗೆ 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೇ ರೇಟಿನಲ್ಲಿ ಕೊಟೇಶನ್ ಕೊಡುವ ಹೋಲ್‌ಸೇಲಿನವರನ್ನು ಯಾಕೆ ಅಂತ ಕೇಳಿ.

ಸ್ಲೀವ್_ಹಾಕಿ_ಸುತ್ತು

ಕಾನೂನು ಬಂತು ಅಂತ ಇದನ್ನೂ ಸೇರಿಸ್ತೀನಿ. ಬೇಡ ಅನ್ನಬೇಕಾದ ಕೆಲಸಗಳು:

ಕಣ್ಣು ಕುಕ್ಕೋ ಎಲ್‌ಇಡಿ ಹೆಡ್‌ಲೈಟ್. 60/55 ವ್ಯಾಟ್ ಹ್ಯಾಲೊಜೆನ್‌ಗೆ ಮಾಡಿದ ರಿಫ್ಲೆಕ್ಟರ್‌ಗೆ ಎಲ್‌ಇಡಿ ತುರುಕಿದ್ರೆ ಬೆಳಕು ರಸ್ತೆಗೆ ಬೀಳಲ್ಲ, ಎದುರಿನವನ ಕಣ್ಣಿಗೆ ಬೀಳುತ್ತೆ. 2024ರಲ್ಲಿ ನಮ್ಮ ಪೊಲೀಸರು ಇದರ ಮೇಲೇ ಅಭಿಯಾನ ಮಾಡಿ ಕೇಸ್ ಹಾಕಿದ್ರು. ಬಹುಸ್ವರದ ಹಾರ್ನ್, ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ನಿಷಿದ್ಧ. ಕಾನೂನುಬಾಹಿರ ಮಾರ್ಪಾಡಿಗೆ ಮಾಲೀಕನಿಗೆ ಒಂದೊಂದಕ್ಕೂ 5,000 ದಂಡ ಅಂತ 2019ರ ತಿದ್ದುಪಡಿಯಲ್ಲೇ ಇದೆ, ಜೈಲಿನ ಅವಕಾಶವೂ ಇದೆ. ಗಿರಾಕಿ ದಂಡ ಕಟ್ಟಿ ಬಂದು ನಿನ್ನ ಹೆಸರು ಹೇಳ್ತಾನೆ.

ಜಿಪಿಎಸ್ ಟ್ರ್ಯಾಕರ್ ಹಾಕು ಅಂದ್ರೆ ಮೊದಲು ಆರ್‌ಸಿ ಕೇಳು. "ಹೆಂಡತಿ ಕಾರಿಗೆ ಗೊತ್ತಾಗದ ಹಾಗೆ ಹಾಕಿಕೊಡು" ಅನ್ನೋ ಫೋನ್ ಬರುತ್ತೆ, ಖಂಡಿತ ಬರುತ್ತೆ. ಇಟ್ಟುಬಿಡು ಫೋನ್. ಟ್ರ್ಯಾಕರ್ ಜೊತೆ ಎಂಜಿನ್ ಕಟ್ ರಿಲೇ (ದೂರದಿಂದಲೇ ಗಾಡಿ ನಿಲ್ಲಿಸೋ ಸ್ವಿಚ್) ಕೇಳಿದ್ರೆ ಸ್ಟಾರ್ಟರ್ ಲೈನಿಗೆ ಹಾಕು, ಪೆಟ್ರೋಲ್ ಪಂಪ್ ಲೈನಿಗೆ ಬೇಡ. ಹೈವೇಲಿ ನೂರರಲ್ಲಿ ಹೋಗುವಾಗ ಎಂಜಿನ್ ಆಫ್ ಆದ್ರೆ ಏನ್ ಗತಿ? ಟ್ಯಾಕ್ಸಿ, ಬಸ್ಸಿನವರು ಪರ್ಮಿಟ್‌ಗೆ ಕೇಳೋ ಟ್ರ್ಯಾಕರ್ ಬೇರೆಯದೇ, ಎಐಎಸ್-140 (ವಾಹನ ಟ್ರ್ಯಾಕರ್‌ಗಳ ಸರ್ಕಾರಿ ಮಾನದಂಡ) ಅನುಮೋದನೆ ಇರಬೇಕು, ಪ್ಯಾನಿಕ್ ಬಟನ್ ಇರಬೇಕು, ಸರ್ಕಾರ ಒಪ್ಪಿದ ಕಂಪನಿಯದ್ದೇ ಆಗಬೇಕು. ಆ ಕಂಪನಿಗಳ ಫಿಟ್ಟಿಂಗ್ ಕೆಲಸ ಹಿಡಿಯೋಕೆ ಪ್ರಯತ್ನಿಸು, ನೀನಾಗಿ ಯಾವುದೋ ಡಬ್ಬ ಹಾಕಬೇಡ.

ಒಂಟಿಕೊಪ್ಪಲು_ಆಕ್ಸೆಸರೀಸ್

ಮೇಡಂ ಹೇಳಿದ್ದು ಓದಿದೆ. ಅಂಥ ಗಿರಾಕಿಗಳು ನಮ್ಮೂರಲ್ಲಿ ಎಷ್ಟು ಜನ ಅನ್ನೋದರ ಬಗ್ಗೆ ನನಗೆ ಇನ್ನೂ ಅನುಮಾನವೇ. ಆದರೆ ಲೆಕ್ಕದ ಮೇಷ್ಟ್ರ 80 ಸೆಟ್ಟಿನ ಮಾತು ಯೋಚಿಸೋ ಹಾಗೆ ಮಾಡ್ತು. ಒಬ್ಬನೇ ಓಡಾಡೋ ಹುಡುಗನಿಗೆ ಸ್ಟಾಕ್ ಬೇಡ, ಸರಿ. ಹಾಗಂತ ಮಾಲಿನ ಲಾಭ ಪೂರ್ತಿ ಬಿಡಬೇಡಪ್ಪ. ಊರಿನ ಒಂದು ಒಳ್ಳೆ ಅಂಗಡಿ ಜೊತೆ ಮಾತಾಡಿಕೋ. ಗಿರಾಕಿ ಅಲ್ಲಿ ತಗೊಳ್ಳಲಿ, ಬಿಲ್ಲು ವಾರಂಟಿ ಅವರದ್ದು, ನಿನಗೆ ಕಮಿಷನ್. ಅವರಿಗೆ ಭಾನುವಾರ ಫಿಟ್ಟರ್ ಕೈಕೊಟ್ಟಾಗ ನೀನು ಹೋಗು. ನನ್ನಲ್ಲೂ ಒಬ್ಬ ಹೀಗೇ ಬರ್ತಾನೆ.

ಇನ್ನು ಹಳೇ ಕಾರು ಮಾರುವವರನ್ನ ಹಿಡಿ. ಅವರಿಗೆ ಪ್ರತಿ ಗಾಡಿಗೂ ಏನಾದರೂ ಇದ್ದೇ ಇರುತ್ತೆ, ಪವರ್ ವಿಂಡೋ ಏಳಲ್ಲ, ಹಳೇ ಸೆಟ್ ಕಿತ್ತು ಹೋಗಿದೆ, ರಿಮೋಟ್ ಇಲ್ಲ. ಒಂದೇ ಜಾಗದಲ್ಲಿ ನಾಲ್ಕು ಕಾರು ಮುಗಿಸಿ ಬರಬಹುದು. ದುಡ್ಡು ಮಾತ್ರ ಸತಾಯಿಸ್ತಾರೆ, ವಾರ ವಾರ ವಸೂಲಿ ಮಾಡು.

ಗೋಕುಲ_ರೋಡ್_ಹುಡುಗ

ಎಲ್ಲರಿಗೂ ಶರಣು. ಸ್ಕೂಟರ್, ಲೇಬರ್ ಮಾತ್ರ, ಒಂದು ಅಂಗಡಿ ಜೊತೆ ಒಪ್ಪಂದ ಅಂತ ತೀರ್ಮಾನಿಸಿದೆ. ಬ್ಯಾಟರಿ ಇಳಿಯುವ ಕೇಸುಗಳನ್ನು ಬೋರ್ಡಿನಲ್ಲಿ ಮೊದಲನೇ ಸಾಲಿಗೇ ಹಾಕ್ತೇನೆ. ಗೋಕುಲ ರೋಡಿನ ಎರಡು ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ ಮಾತಾಡಿ ಬಂದೆ, ಒಬ್ಬರು "ನಾಳೆ ಬಾ, ಒಂದು ಗಾಡಿ ಐತಿ" ಅಂದಿದ್ದಾರೆ. ಕೇಶ್ವಾಪುರ ಅಣ್ಣಾರ, ಎರಡು ಕೊನೆ ಪ್ರಶ್ನೆ. ಕ್ಲಾಂಪ್ ಮೀಟರ್ (ವೈರ್ ಕತ್ತರಿಸದೆ ಸುತ್ತ ಹಿಡಿದು ಕರೆಂಟ್ ಅಳೆಯುವುದು) ಯಾವುದು ತಗೊಳ್ಳಲಿ? ಎಲೆಕ್ಟ್ರಿಕ್ ಕಾರಿಗೆ ಡ್ಯಾಶ್‌ಕ್ಯಾಮ್ ಹಾಕು ಅಂದರೆ ಒಪ್ಪಿಕೊಳ್ಳಲಾ?

ಕೇಶ್ವಾಪುರ_ಕರೆಂಟ್

ಕ್ಲಾಂಪ್ ತಗೊಳಾಕಿಂತ ಮೊದಲ ಡಿಸಿ (ಬ್ಯಾಟರಿ ಕರೆಂಟ್) ಆಂಪಿಯರ್ ಅಳಿತೈತೇನು ಅಂತ ಡಬ್ಬಿ ಮ್ಯಾಲ ಓದು. ಸಸ್ತಾ ಸಿಗೂ ಭಾಳಷ್ಟು ಕ್ಲಾಂಪ್ ಎಸಿಗಷ್ಟ, ಮನಿ ವೈರಿಂಗಿಗೆ ನಡಿತೈತಿ, ಗಾಡಿಗೆ ಉಪಯೋಗಿಲ್ಲ. ಮೀಟರ್ ಪೆಟ್ಟಿಗ್ಯಾಗ ಒಂದು ಎಕ್ಸ್‌ಟ್ರಾ ಫ್ಯೂಸ್ ಇಟಗೋ, ಆಂಪಿಯರ್ ಮೋಡ್‌ನ್ಯಾಗ ಇದ್ದಾಗ ಯಾರರ ಸೆಲ್ಫ್ ಹೊಡದ್ರ ಅದು ಹಾರತೈತಿ.

ಎಲೆಕ್ಟ್ರಿಕ್ ಗಾಡ್ಯಾಗೂ ಒಂದು 12 ವೋಲ್ಟ್ ಬ್ಯಾಟರಿ ಇರ್ತೈತಿ, ಡ್ಯಾಶ್‌ಕ್ಯಾಮ್ ಅದರ ಫ್ಯೂಸ್ ಬಾಕ್ಸಿನಿಂದನ ಹಾಕಬಹುದು. ಕೇಸರಿ ಬಣ್ಣದ ದಪ್ಪ ಕೇಬಲ್ ಕಂಡ್ರ ಆ ಕಡೆ ಕೈ ಹೋಗಬಾರದು, ಅದು ನೂರಾರು ವೋಲ್ಟಿಂದು. ವಾರಂಟಿ ಒಳಗಿನ ಗಾಡಿ ಇದ್ರ ಫ್ಯೂಸ್ ಟ್ಯಾಪ್ ಬಿಟ್ಟು ಬ್ಯಾರೆ ಏನೂ ಕತ್ತರಿಸಬ್ಯಾಡ. ನಾಳೆ ಆ ಡೀಲರ್ ಕಡೆ ಹೋದಾಗ ಗಾಡಿ ಎಷ್ಟು ದಿವಸದಿಂದ ನಿಂತೈತಿ ಕೇಳು. ತಿಂಗಳಗಟ್ಲೆ ನಿಂತಿದ್ರ ಬಾನೆಟ್ ಒಳಗ ಇಲಿ ವೈರ್ ಕಡದಾವೇನು ಮೊದಲ ನೋಡು, ಆಮ್ಯಾಲ ರೇಟ್ ಹೇಳು.